ಏಡಿ ತಿಂದವಳು

ಬೆಲೆಂ ನಗರದ ಬಸ್ಸುಗಳಲ್ಲಿ ಲಿಂಡಾಲ್ವಾ ಎಂದೂ ನಿಂತು ಹೋದವಳಲ್ಲ. ಅವಳು ಹತ್ತಿದ ಕೂಡಲೇ ಯಾರಾದರೊಬ್ಬರು ಎದ್ದು ಜಾಗ ಬಿಡುತ್ತಿದ್ದರು. ಅವಳ ತಲೆಯ ನರೆಗೂದಲನ್ನು ಕಂಡವರೂ ಹೊಟ್ಟೆಯನ್ನು ಕಂಡು ಏಳುತ್ತಿದ್ದರು.

"ಎಷ್ಟು ತಿಂಗಳಮ್ಮಾ?" ಎಂದು ಪಕ್ಕದವರು ಕೇಳಿದರೆ, "ಇಪ್ಪತ್ತಾರು ವರ್ಷ ಆಯ್ತು, ಇನ್ನೂ ಇಳೀಲಿಲ್ಲ" ಎನ್ನುತ್ತಿದ್ದಳು.

ಬಸ್ಸೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ತೊಡೆಯವರೆಗೆ ಇಳಿಬಿದ್ದ ಹೊಟ್ಟೆಯ ಮಡಿಕೆಯನ್ನು ಎರಡೂ ಕೈಯಿಂದ ಎತ್ತಿ, ಅದರ ಅಡಿಯಲ್ಲಿ ಬೆವರಿಗೆ ಬೆಂದು ಕೆಂಪಾದ ಚರ್ಮಕ್ಕೆ ಪೌಡರ್ ಉದುರಿಸಿಕೊಳ್ಳುತ್ತಿದ್ದಳು. ಅವಳಿ ಮಕ್ಕಳನ್ನು ಹೆತ್ತ ಹೊಟ್ಟೆ ಅದು. ಆ ಗಂಡುಮಕ್ಕಳಿಬ್ಬರೂ ದೊಡ್ಡವರಾಗಿ ಸರಕು ದೋಣಿಗಳಲ್ಲಿ ಕೆಲಸ ಹಿಡಿದು ನದಿಯ ಮೇಲುಗಡೆಗೆ ಹೋಗಿದ್ದರು. ಗಂಡ ಅವರಿಗಿಂತ ಮೊದಲೇ ಅದೇ ದಾರಿಯಲ್ಲಿ ಹೋಗಿದ್ದ. ಹೊಟ್ಟೆಯೊಂದೇ ಉಳಿದಿತ್ತು.

ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಹಲಗೆಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಮುಂದಿನ ಕೋಣೆಯಲ್ಲಿ ಅವಳದು ಅಸಾಯಿ ಹಣ್ಣು ಅರೆದು ಮಾರುವ ಅಂಗಡಿ, ಹಿಂದಿನ ಕೋಣೆಯಲ್ಲಿ ಅವಳ ತಾಯಿ ಡೋನಾ ಜೊವಿನಾಳ ಜೋಲಿ. ಮುದುಕಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಆರದ ಹುಣ್ಣು. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ.

"ಬಂತು ನೋಡು ಹೊಟ್ಟೆ. ಇನ್ನೇನು ಹಿಂದೇನೇ ಮಗಳೂ ಬರ್ತಾಳೆ" ಎಂದು ಜೋಲಿಯಿಂದಲೇ ಹೇಳುವಳು.

ಲಿಂಡಾಲ್ವಾಗೆ ಇಬ್ಬರು ತಂಗಿಯರು, ಗ್ರಾಸಿಯೇಟಿ ಮತ್ತು ವಲ್ಡಿರೇನಿ. ಮೂವರೂ ಸೇರಿ ಇಳಿಬಿದ್ದ ಹೊಟ್ಟೆಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ಸರಿಮಾಡಿಸಿಕೊಳ್ಳಲೆಂದೇ ಒಂದು ಚೀಟಿ ನಡೆಸುತ್ತಿದ್ದರು. ನಮ್ಮ ಜುರುನಾಸ್ ಬಡಾವಣೆಯಲ್ಲಿ ಇದು ಹೊಸದೇನಲ್ಲ. ಒಬ್ಬರು ಫ್ರಿಜ್ಜಿಗೆ ಚೀಟಿ ಕಟ್ಟುತ್ತಾರೆ, ಇನ್ನೊಬ್ಬರು ಮೊಲೆಗೆ. ಇವರ ಚೀಟಿಯಲ್ಲಿ ಮಾತ್ರ ಇನ್ನೊಂದು ಕರಾರಿತ್ತು. ಯಾರ ಸರದಿ ಬಂದು ಮಲಗುತ್ತಾಳೋ ಅವಳನ್ನು ಉಳಿದಿಬ್ಬರು ನೋಡಿಕೊಳ್ಳಬೇಕು. ಮಲಗಿದವಳು ಒಂದು ಲೋಟವನ್ನೂ ಎತ್ತಬಾರದು.

ಮೊದಲು ಕಿರಿಯವಳು ವಲ್ಡಿರೇನಿ ಮಲಗಿದಳು, ಆಮೇಲೆ ಗ್ರಾಸಿಯೇಟಿ. ಇಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡು ಬಾಣಂತನ ಮಾಡಿದಂತೆ ಮಾಡಿದವಳು ಲಿಂಡಾಲ್ವಾ ಒಬ್ಬಳೇ. ಈ ಶಸ್ತ್ರಚಿಕಿತ್ಸೆಯ ಒಳಹೊರಗು ನನಗೆ ಗೊತ್ತಾದದ್ದೂ ಆ ಗೋಡೆಯ ಮೂಲಕವೇ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ಯುತ್ತಾರೆ. ಒಳಗೆ ಸಡಿಲಾದ ಮಾಂಸಖಂಡವನ್ನು ಹತ್ತಿರಕ್ಕೆಳೆದು ಹೊಲಿಯುತ್ತಾರೆ. ಚರ್ಮವನ್ನು ಚಾಪೆಯಂತೆ ಕೆಳಗೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ತೂತು ಮಾಡುತ್ತಾರೆ. ಎಚ್ಚರವಾದ ಮೇಲೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ಎರಡು ವಾರ ಮುದುಕಿಯಂತೆ ಬಗ್ಗಿಯೇ ನಡೆಯಬೇಕು. ಮಂಡಿಯ ಕೆಳಗೆ ದಿಂಬಿಟ್ಟು ಅಂಗಾತ ಮಲಗಬೇಕು. ಪಕ್ಕದಿಂದ ಕೊಳವೆ ಇಳಿಬಿಟ್ಟಿರುತ್ತಾರೆ, ಅದರ ತುದಿಯ ಡಬ್ಬಿಯಲ್ಲಿ ಸೇರುವ ಕೆಂಪು ನೀರನ್ನು ಚೆಲ್ಲಬೇಕು. ಹಗಲೂ ರಾತ್ರಿಯೂ ಬಿಗಿ ಬೆಲ್ಟ್. ಕೆಮ್ಮು ಬಂದರೆ ಪ್ರಾಣ ಹೋಗುತ್ತದೆ. ನಗು ಬಂದರೆ ಇನ್ನೂ ಕಷ್ಟ. ಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶವೇ ತಿಳಿಯುವುದಿಲ್ಲ, ಯಾರದೋ ಚರ್ಮವನ್ನು ಮುಟ್ಟಿದಂತೆ. ಭಾರವನ್ನಂತೂ ಎತ್ತಲೇಬಾರದು, ಒಳಗಿನ ಹೊಲಿಗೆ ಕಿತ್ತುಬರುತ್ತದೆ.

ಇದೆಲ್ಲ ಡಾಕ್ಟರ ಮಾತು. ನಮ್ಮವರ ಮಾತು ಬೇರೆ ಇದೆ. ಗಾಯ ಆರುವವರೆಗೆ ನಂಜಿನ ಪದಾರ್ಥ ಬಾಯಿಗಿಡಬಾರದು. ಬಾತುಕೋಳಿ ನಂಜು, ಹಂದಿ ನಂಜು, ಸೀಗಡಿ ನಂಜು. ಎಲ್ಲಕ್ಕಿಂತ ದೊಡ್ಡ ನಂಜು ಏಡಿ. ನಮ್ಮೂರಿನಲ್ಲಿ ಡಾಕ್ಟರ ಮಾತು ಮೀರಿದವರಿದ್ದಾರೆ, ನಂಜಿನ ಮಾತು ಮೀರಿದವರನ್ನು ನಾನು ಕಂಡಿಲ್ಲ. ತಂಗಿಯರು ಮಲಗಿದ್ದಷ್ಟು ದಿನ ಲಿಂಡಾಲ್ವಾ ಆ ಮನೆಯೊಳಗೆ ಏಡಿಯ ವಾಸನೆಯನ್ನೂ ಬಿಟ್ಟುಕೊಳ್ಳಲಿಲ್ಲ.

ಅವಳ ಸರದಿ ಬಂದದ್ದು ಜುಲೈಯಲ್ಲಿ. ಜುಲೈ ರಜೆ ಬಂದರೆ ಬೆಲೆಂನ ಜನ ಸಮುದ್ರ ದಂಡೆಗೆ ಓಡುತ್ತಾರೆ. ಆಗ ಯಾರೂ ಹೊಟ್ಟೆ ಕೊಯ್ಯಿಸಿಕೊಳ್ಳುವುದಿಲ್ಲ, ಕೊಯ್ಯಿಸಿಕೊಂಡ ಹೊಟ್ಟೆಯನ್ನು ತೋರಿಸಲು ಹೋಗುತ್ತಾರೆ. ಆಸ್ಪತ್ರೆಯಲ್ಲಿ ಖಾಲಿ ಇದ್ದ ದಿನವೂ ಅದೇ ಕಾರಣಕ್ಕೆ ಸಿಕ್ಕಿತು. ಬಿಟ್ಟರೆ ಇನ್ನೊಂದು ವರ್ಷ ಕಾಯಬೇಕು. ಅಸಾಯಿ ಸುಗ್ಗಿ ಶುರುವಾಗುವ ಹೊತ್ತಿಗೇ ಲಿಂಡಾಲ್ವಾ ಅಂಗಡಿ ಮುಚ್ಚಿದಳು. ಮಾತಾದದ್ದು ಹೀಗೆ: ಗ್ರಾಸಿಯೇಟಿ ತಾಯಿಯನ್ನು ತನ್ನ ಮನೆಗೆ ಕರೆದೊಯ್ಯುವುದು, ವಲ್ಡಿರೇನಿ ಬಂದು ಅಕ್ಕನ ಬಳಿ ಇರುವುದು.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬೆಲ್ಟ್ ಬಿಚ್ಚಿದ ದಿನ ನಾನು ಅಲ್ಲೇ ಇದ್ದೆ. ವಲ್ಡಿರೇನಿ ಅಕ್ಕನ ರಟ್ಟೆ ಹಿಡಿದು ನಿಲ್ಲಿಸಿದಳು. ಲಿಂಡಾಲ್ವಾ ಬಗ್ಗಿಕೊಂಡೇ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಏನಕ್ಕಾ, ನೋವಾ?"

"ಪಾದ" ಎಂದಳು ಲಿಂಡಾಲ್ವಾ. "ನನ್ನ ಪಾದ ಕಾಣ್ತಿದೆ ಕಣೇ. ಉಗುರು ನೋಡು, ಎಷ್ಟು ಹೊಲಸಾಗಿದೆ."

ನಗಬೇಡ ಎಂದರೂ ನಕ್ಕಳು. ನಕ್ಕು ನೋವಿಗೆ ಅತ್ತಳು. ಹೊಲಿಗೆ ನೆಟ್ಟಗಿತ್ತು. ಹೊಟ್ಟೆ ಹಲಗೆಯ ಹಾಗಿತ್ತು. ಇನ್ನು ಕೆಲವು ವಾರ ಯಾರಾದರೂ ಅವಳನ್ನು ಮಲಗಲು ಬಿಟ್ಟರೆ ಸಾಕಿತ್ತು.

ಶನಿವಾರ ಬೆಳಿಗ್ಗೆ ಗ್ರಾಸಿಯೇಟಿ ಕಾರಿನಲ್ಲಿ ಬಂದಳು. ತಾಯಿಯನ್ನು ಕರೆದೊಯ್ಯಲು ಬಂದಳೆಂದುಕೊಂಡೆವು. ಕಾರಿನ ತುಂಬ ಛತ್ರಿ, ಚಾಪೆ, ಐಸ್ ಪೆಟ್ಟಿಗೆ. ವಲ್ಡಿರೇನಿಯ ಗಂಡ ಒಂದು ಪಾತ್ರೆ ಬೇಯಿಸಿದ ಏಡಿ ತಂದಿದ್ದ. ಮೂವರೂ ಅಡುಗೆಕೋಣೆಯಲ್ಲಿ ಕೂತು, ಮರದ ಪುಟ್ಟ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ಚಿಪ್ಪು ಒಡೆದು ತಿಂದರು. ಒಳಗೆ ಹಾಸಿಗೆಯಲ್ಲಿ ಒಬ್ಬಳು, ಜೋಲಿಯಲ್ಲಿ ಒಬ್ಬಳು, ಏಡಿ ಮುಟ್ಟಬಾರದವರಿಬ್ಬರೂ ಆ ವಾಸನೆ ಕುಡಿಯುತ್ತ ಮಲಗಿದ್ದರು.

ಕೈ ತೊಳೆದುಕೊಂಡು ಬಂದ ಮೇಲೆ ಗ್ರಾಸಿಯೇಟಿ ಬಾಯಿ ಬಿಟ್ಟಳು.

"ಅಕ್ಕಾ, ಅಮ್ಮ ಇಲ್ಲೇ ಇರ್ಲಿ. ನಾವೊಂದು ವಾರ ಸಮುದ್ರಕ್ಕೆ ಹೋಗ್ಬರ್ತೀವಿ."

"ನಾವು ಅಂದ್ರೆ?"

"ವಲ್ಡಿರೇನಿನೂ."

"ಮತ್ತೆ ನನ್ನ ಯಾರು ಎಬ್ಬಿಸ್ತಾರೆ?"

"ನೀನು ಹೆಂಗಿದ್ರೂ ಮಲಗೇ ಇರ್ತೀಯ. ಅಮ್ಮನೂ ಮಲಗೇ ಇರ್ತಾಳೆ. ಒಬ್ರಿಗೊಬ್ರು ಜೊತೆ."

"ನಿಮ್ಮಿಬ್ರನ್ನೂ ಎತ್ತಿ ಕೂರಿಸಿದ ಕೈ ಕಣೇ ಇದು" ಎಂದಳು ಲಿಂಡಾಲ್ವಾ. "ನಿಮ್ಮ ಉಚ್ಚೆ ಬಳಿದಿದೀನಿ."

"ಅದಕ್ಕೇ ಹೇಳೋದು ಅಕ್ಕಾ, ನಿಂಗೆ ಅಭ್ಯಾಸ ಇದೆ. ನಮ್ಮ ಕೈಲಿ ಅದೆಲ್ಲ ಆಗಲ್ಲ." ವಲ್ಡಿರೇನಿ ಕನ್ನಡಿಯ ಮುಂದೆ ನಿಂತು ಈಜುಡುಗೆಯ ಮೇಲೆ ಲಂಗ ಎಳೆದುಕೊಳ್ಳುತ್ತಿದ್ದಳು. ಅವಳ ಹೊಟ್ಟೆ ಚಪ್ಪಟೆಯಾಗಿತ್ತು, ಕಲೆ ಕೂದಲೆಳೆಯಷ್ಟು ತೆಳ್ಳಗಿತ್ತು. ಅದು ಲಿಂಡಾಲ್ವಾ ದಿನಾ ಮುಲಾಮು ಹಚ್ಚಿ ನೀವಿ ನೀವಿ ಆರಿಸಿದ ಕಲೆ.

ಗ್ರಾಸಿಯೇಟಿ ತಾಯಿಯ ಜೋಲಿಯ ಬಳಿ ಹೋಗಿ ಬೆರಳು ತೋರಿಸಿದಳು. "ಅಮ್ಮಾ, ಸುಮ್ನೆ ಬಿದ್ದಿರು. ಇಳಿದು ಗಿಳಿದು ಬಿದ್ಯೋ, ಸನ್ಯಾಸಿನಿಯರ ವೃದ್ಧಾಶ್ರಮಕ್ಕೆ ಬಿಟ್ಬಿಡ್ತೀನಿ. ಈ ಸಲ ತಮಾಷೆ ಅಲ್ಲ."

ಹೋಗುವಾಗ ಅವರು ಮೇಜು ಒರೆಸಲಿಲ್ಲ. ಚಿಪ್ಪಿನ ರಾಶಿಯ ನಡುವೆ ತಿನ್ನದೆ ಬಿಟ್ಟ ಏಡಿಗಳೂ ಇದ್ದವು.

ನಾನು ಮಾರ್ಕೆಟ್ಟಿನಲ್ಲಿ ಮರಗೆಣಸಿನ ಹಿಟ್ಟು ಮಾರಿ, ಮಧ್ಯಾಹ್ನದ ಮಳೆ ನಿಂತ ಮೇಲೆ ಮನೆ ಸೇರುವವಳು. ಅಂದೂ ಅವರು ಹೊರಟ ಮೇಲೆ ಮಾರ್ಕೆಟ್ಟಿಗೆ ಹೋಗಿ ಬಂದು ಬಾಗಿಲಿನ ಕೀಲಿ ತೆಗೆಯುತ್ತಿದ್ದಾಗಲೇ ಗೋಡೆಯಾಚೆ ದೊಪ್ಪೆಂದು ಸದ್ದಾಯಿತು. ಹಿಂದೆಯೇ ಮುದುಕಿಯ ಕೂಗು. "ಬಂದೆ, ಬಂದೆ, ಅಲ್ಲಾಡ್ಬೇಡಿ" ಎಂದು ಕಿರುಚುತ್ತ ಓಡಿದೆ. ನಾನು ಸುತ್ತಿ ಹಿಂಬಾಗಿಲಿಗೆ ಬರುವಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು. ತಾಯಿ ಜೋಲಿಯಲ್ಲಿದ್ದಳು. ಮಗಳು ನೆಲದ ಮೇಲೆ ಕೂತಿದ್ದಳು, ಬೆಲ್ಟಿನ ಕೆಳಗಿನಿಂದ ತೊಡೆಯ ಮೇಲೆ ನೀರಿಳಿಯುತ್ತಿತ್ತು. ಆಮೇಲೆ ಅದು ಕೆಂಪಾಯಿತು.

"ಯಾಕೆ ಎತ್ತಿದೆ? ನಾನು ಬರ್ತಿದ್ನಲ್ಲ!"

"ಅಡುಗೆಕೋಣೇಲಿ ಬಿದ್ದು ಅಮ್ಮಾ ಅಮ್ಮಾ ಅಂತ ಕಿರುಚ್ತಾ ಇದ್ಳು" ಎಂದಳು ಲಿಂಡಾಲ್ವಾ. "ನನ್ನನ್ನೇ ಅಮ್ಮ ಅಂತಿದ್ಳು."

ಮುದುಕಿ ಮುಖ ತಿರುಗಿಸಿದಳು. ಅವಳ ಮುಷ್ಟಿಯಲ್ಲಿ ಒಂದು ಏಡಿಕಾಲು ಇನ್ನೂ ಇತ್ತು. ಬಿದ್ದಾಗಲೂ ಅವಳು ಅದನ್ನು ಬಿಟ್ಟಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅದನ್ನು ಬಾಯಿಗಿಟ್ಟು ಚೀಪತೊಡಗಿದಳು.

ಹೊರಗಿನ ಹೊಲಿಗೆ ಅಂಗೈಯಗಲ ಬಿಚ್ಚಿತು. ಗಾಯದ ಅಂಚು ಕಪ್ಪಾಗಿ ನಾರತೊಡಗಿತು. ಆಸ್ಪತ್ರೆಯಲ್ಲಿ ಸತ್ತ ಚರ್ಮ ಕತ್ತರಿಸಿ, ತೆರೆದ ಗಾಯಕ್ಕೆ ದಿನಾ ಬಟ್ಟೆ ತುರುಕಿದರು. ಒಳಗಿನ ಹೊಲಿಗೆಯೂ ಕಿತ್ತಿದೆ, ಇನ್ನೊಮ್ಮೆ ಮಾಡಿದರೂ ಖಾತ್ರಿಯಿಲ್ಲ ಎಂದರು ಡಾಕ್ಟರು.

ತಂಗಿಯರು ಬಂದದ್ದು ಬಿಸಿಲಿಗೆ ಕಂದಿದ ಮೈಯಲ್ಲಿ, ಚಪ್ಪಲಿಯ ಮರಳು ಕೊಡವುತ್ತ. ನಾನು ಕಂಡದ್ದನ್ನೆಲ್ಲ ಹೇಳಿದೆ. ಗ್ರಾಸಿಯೇಟಿ ಜೋಲಿಯ ಕಡೆ ತಿರುಗಿದಳು.

"ಅಮ್ಮಾ, ಬಿದ್ದಿದ್ಯಾ?"

ಮುದುಕಿಯ ಕಣ್ಣಲ್ಲಿ ವೃದ್ಧಾಶ್ರಮದ ಗೇಟು ಕಂಡಿರಬೇಕು. "ನಾನ್ಯಾಕೆ ಬೀಳ್ಲಿ? ಇಲ್ಲೇ ಮಲಗಿದ್ದೆ. ಇವಳು ಏಡಿ ತಿಂದ್ಳು."

"ಏನು?"

"ನೀವು ಬಿಟ್ಟು ಹೋಗಿದ್ರಲ್ಲ, ಅದನ್ನ. ಎದ್ದು ಹೋಗಿ ಕದ್ದು ತಿಂದ್ಳು. ಟಕ್ ಟಕ್ ಅಂತ. ಬೇಡ ಕಣೇ, ನಂಜಾಗುತ್ತೆ ಅಂದೆ. ಕೇಳ್ಬೇಕಲ್ಲ!"

ಹಾಸಿಗೆಯಲ್ಲಿದ್ದ ಲಿಂಡಾಲ್ವಾ ತಾಯಿಯ ಮುಖವನ್ನೇ ನೋಡಿದಳು.

"ಅಯ್ಯೋ ಹೊಟ್ಟೆಬಾಕಿ" ಎಂದಳು ವಲ್ಡಿರೇನಿ. "ಒಂದು ತಿಂಗಳು ಬಾಯಿ ಕಟ್ಟೋಕಾಗ್ಲಿಲ್ವಾ ನಿಂಗೆ? ಆ ಹೊಟ್ಟೆ ಸುಮ್ನೆ ಬಂದಿತ್ತಾ ಮತ್ತೆ!"

"ಡಾಕ್ಟ್ರೇ ಹೇಳಿದ್ರು, ಏಡಿಗೂ ಇದಕ್ಕೂ ಸಂಬಂಧ ಇಲ್ಲ, ಭಾರ ಎತ್ತಿದ್ದಕ್ಕೇ ಆದದ್ದು ಅಂತ" ಎಂದೆ ನಾನು.

"ಆ ಡಾಕ್ಟ್ರು ಸಾವ್ ಪೌಲೊದವನು" ಎಂದಳು ಮುದುಕಿ. "ಏಡಿ ಬಗ್ಗೆ ಅವನಿಗೇನು ಗೊತ್ತು?"

ವಾರ ಕಳೆಯುವಷ್ಟರಲ್ಲಿ ಇಡೀ ಬೀದಿ ಅದನ್ನೇ ಹೇಳತೊಡಗಿತು. ಅಸಾಯಿ ಕೊಳ್ಳಲು ಬರುತ್ತಿದ್ದವರು ಮುಚ್ಚಿದ ಅಂಗಡಿಯ ಮುಂದೆ ನಿಂತು, ಪಾಪ, ಆಸೆಬುರುಕಿ, ಏಡಿ ತಿಂದಳಂತೆ ಎಂದು ಆಡಿಕೊಂಡರು. ಅವಳನ್ನು ಒಬ್ಬಂಟಿ ಬಿಟ್ಟು ಹೋದವರ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಏಡಿ ಸಿಕ್ಕ ಮೇಲೆ ಇನ್ಯಾರೂ ಬೇಕಿರಲಿಲ್ಲ.

ಗಾಯ ಆರಲು ವರ್ಷದ ಕೊನೆಯಾಯಿತು. ಕಲೆ ಹಗ್ಗದಷ್ಟು ದಪ್ಪನಾಗಿ ಒಂದು ಕಡೆ ಕುಗ್ಗಿತು. ಹೊಕ್ಕುಳು ಓರೆಯಾಯಿತು. ಹಿಡಿತವಿಲ್ಲದ ಹೊಟ್ಟೆ ಮೆಲ್ಲನೆ ಮುಂದೆ ಬಂತು, ಮೊದಲು ಜೋತು ಬಿದ್ದಿದ್ದದ್ದು ಈಗ ಗುಂಡಗೆ ನಿಂತಿತು. ಒಂದು ದಿನ ಅವಳು ನಿಂತಲ್ಲೇ ಕೆಳಗೆ ನೋಡುತ್ತಿದ್ದಳು. ನಾನೂ ನೋಡಿದೆ. ಪಾದ ಕಾಣುತ್ತಿರಲಿಲ್ಲ.

ವಲ್ಡಿರೇನಿಗೆ ಈ ನಡುವೆ ಮೊಲೆ ಎತ್ತಿಸಿಕೊಳ್ಳುವ ಮನಸ್ಸಾಗಿತ್ತು. ಹಳೆಯದೆಲ್ಲ ಮರೆತವಳಂತೆ ಬಂದು, "ಅಕ್ಕಾ, ಹತ್ತು ದಿನ ಬಂದು ಇರ್ತೀಯಲ್ಲ" ಎಂದಳು.

"ಏಡಿ ತಿಂದವಳ ಕೈ ಮಾರಾಯ್ತಿ" ಎಂದಳು ಲಿಂಡಾಲ್ವಾ. "ಮುಟ್ಟಿದ್ರೆ ನಿಂದೂ ಕೊಳೆಯುತ್ತೆ."

ವಲ್ಡಿರೇನಿ ಎರಡನೇ ಸಲ ಕೇಳಲಿಲ್ಲ. ನಂಜಿನ ವಿಷಯದಲ್ಲಿ ನಮ್ಮವರು ಎದುರಾಡುವುದಿಲ್ಲ.

ಆ ವಾರವೇ ಲಿಂಡಾಲ್ವಾ ಒಂದು ಸರ ಏಡಿ ಕೊಂಡು ತಂದಳು. ಬೇಯಿಸಿ, ಮೇಜನ್ನು ಎಳೆದು ತಾಯಿಯ ಜೋಲಿಯ ಎದುರಿಗೇ ಇಟ್ಟುಕೊಂಡು ಕೂತಳು. ಮೊದಲು ತಾಯಿಗೆ ಚಮಚದಲ್ಲಿ ಗಂಜಿ ಉಣಿಸಿ ಬಾಯಿ ಒರೆಸಿದಳು. ಆಮೇಲೆ ಸುತ್ತಿಗೆ ಎತ್ತಿಕೊಂಡಳು.

"ನೋಡಮ್ಮಾ, ಚೆನ್ನಾಗಿ ನೋಡ್ಕೋ. ಯಾರಾದ್ರೂ ಕೇಳಿದ್ರೆ ಸಾಕ್ಷಿ ಹೇಳ್ಬೇಕಲ್ಲ."

ಟಕ್ ಟಕ್.

"ಒಂದು ಕಾಲು ಕೊಡೇ" ಎಂದಳು ಮುದುಕಿ.

"ನಂಜಮ್ಮಾ. ನಿನ್ನ ಹುಣ್ಣಿಗೆ ಆಗಲ್ಲ."

ಪ್ರತಿ ಭಾನುವಾರ ಇದೇ ನಡೆಯಿತು. ಮುದುಕಿಯ ಹುಣ್ಣಿಗೆ ಬಟ್ಟೆ ಬದಲಿಸುವುದನ್ನು, ಅವಳನ್ನು ಎತ್ತಿ ಕೂರಿಸುವುದನ್ನು ಲಿಂಡಾಲ್ವಾ ಒಂದು ದಿನವೂ ತಪ್ಪಿಸಲಿಲ್ಲ. ಭಾರ ಎತ್ತಬಾರದೆಂದು ಕಾಪಾಡಿಕೊಳ್ಳಬೇಕಾದ ಹೊಟ್ಟೆ ಇನ್ನು ಉಳಿದಿರಲಿಲ್ಲ. ಭಾನುವಾರ ಏಡಿಯನ್ನೂ ತಪ್ಪಿಸಲಿಲ್ಲ. ಗೋಡೆಯಾಚೆಯಿಂದ ಸುತ್ತಿಗೆಯ ಸದ್ದು, ಅದರ ನಡುವೆ ಮುದುಕಿ ಮೊದಲು ಬೈಯುವುದು, ಆಮೇಲೆ ಬೇಡುವುದು, ಕೊನೆಗೆ ಎಂಜಲು ನುಂಗುವುದು ಕೇಳುತ್ತಿತ್ತು.

ಒಂದು ಭಾನುವಾರ ಗ್ರಾಸಿಯೇಟಿ ಬಂದಿದ್ದಳು. ನಾನೂ ಅಲ್ಲಿದ್ದೆ. ಲಿಂಡಾಲ್ವಾ ಎಂದಿನಂತೆ ಚಿಪ್ಪು ಒಡೆದು, ಬಿಳಿ ಮಾಂಸವನ್ನು ಬೆರಳಿನಿಂದ ಬಿಡಿಸಿ ತಟ್ಟೆಯಂಚಿಗೆ ಇಡುತ್ತಿದ್ದಳು. ಮುದುಕಿ ಅದನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅತ್ತುಬಿಟ್ಟಳು.

"ಇವಳು ತಿನ್ಲಿಲ್ಲ ಗ್ರಾಸಿಯೇಟಿ. ನಾನು ತಿಂದದ್ದು. ನಾನೇ ಇಳಿದು ಹೋಗಿ ಬಿದ್ದೆ. ಇವಳು ನನ್ನ ಎತ್ತಿದ್ಳು, ಅದಕ್ಕೇ ಹೊಲಿಗೆ ಹೋಯ್ತು. ಎಲ್ಲಾ ಹೇಳಿದೀನಲ್ಲ, ಈಗ ಒಂದು ಕಾಲು ಕೊಡೋಕೆ ಹೇಳು ಅವಳಿಗೆ."

ಗ್ರಾಸಿಯೇಟಿ ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಆಮೇಲೆ ನಕ್ಕಳು. "ಏಡಿಕಾಲಿಗೋಸ್ಕರ ಏನು ಬೇಕಾದ್ರೂ ಹೇಳ್ತಾಳೆ ನೋಡು. ಅಮ್ಮನಿಗೆ ಅರಳುಮರಳು."

ಲಿಂಡಾಲ್ವಾಳ ಕೈ ನಿಂತಿತು. ಅವಳಿಗೆ ಬೇಕಾಗಿದ್ದ ಮಾತು ಅದು, ಆ ಬಾಯಿಂದಲೇ, ಆ ತಂಗಿಯ ಎದುರಿಗೇ ಬಂದಿತ್ತು. ಅಮ್ಮ ಹೇಳಿದ್ದು ನಿಜ ಎಂದು ಅವಳು ಅಂದಿದ್ದರೆ ಸಾಕಿತ್ತು. ನಾನು ಕಾದೆ.

"ಹೌದು" ಎಂದಳು ಅವಳು ತಂಗಿಗೆ. "ಪೂರ್ತಿ ಅರಳುಮರಳು."

ಬಿಡಿಸಿಟ್ಟ ಮಾಂಸವನ್ನು ಬಾಯಿಗೆ ಹಾಕಿಕೊಂಡು, ತಾಯಿಯ ಕಣ್ಣನ್ನೇ ನೋಡುತ್ತ ನಿಧಾನವಾಗಿ ಅಗಿದಳು. ಆಮೇಲೆ ಇನ್ನೊಂದು ಕಾಲು ಎತ್ತಿಕೊಂಡಳು.