ಮಿರಜಿಗೆ ಹೋಗದ ಗಂಟು

ತೊಂಬತ್ತರ ದಶಕದ ಕೊನೆಗೆ ಪುಣೆಯ ಒಂದು ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ ಇತ್ತು: ಹೆಂಗಸರ ಎದೆಯಿಂದ ತೆಗೆದ ಗಂಟಿನ ತೆಳು ಚೂರುಗಳಿಗೆ ಬಣ್ಣ ಹಾಕುವುದು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಗೆ ಒಂದು ಪ್ರೋಟೀನ್ ಇರುತ್ತದೆ. ಅದು ಹೆಚ್ಚಿದ್ದ ಕಡೆ ಚೂರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದರಿಂದ ಸ್ತನ ಕ್ಯಾನ್ಸರಿನ ಸುಳಿವು ಸಿಕ್ಕೀತೇ ಎಂದು ಹಿರಿಯರು ನೋಡುತ್ತಿದ್ದರು. ಖಾತ್ರಿ ಯಾರಿಗೂ ಇರಲಿಲ್ಲ. ನಾನು ಮಾತ್ರ ಗಂಟಿದ್ದ ಪ್ರತಿ ಬಾಟಲಿ ಬಂದಾಗಲೂ, ಅಂತೂ ಇದು ಬಂದು ಮುಟ್ಟಿತಲ್ಲ ಎಂದುಕೊಳ್ಳುತ್ತಿದ್ದೆ.

ಅದಕ್ಕೂ ಹತ್ತು ಹನ್ನೆರಡು ವರ್ಷ ಹಿಂದೆ, ಅಥಣಿ ಹತ್ತಿರದ ನಮ್ಮೂರು ಐಗಳಿಯಲ್ಲಿ, ನನ್ನ ಅವ್ವನ ಎದೆಯಲ್ಲೊಂದು ಗಂಟು ಎದ್ದಿತ್ತು. ದ್ರಾಕ್ಷಿ ಇಳಿಸುವುದು ಮುಗಿಯಲಿ ಎಂದು ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಕೊನೆಗೆ ಅಥಣಿಯ ಡಾಕ್ಟರು ಗಂಟು ತೆಗೆದು, ಔಷಧದ ನೀರಿದ್ದ ಬಾಟಲಿಗೆ ಹಾಕಿ ನನ್ನ ಕೈಗೆ ಕೊಟ್ಟರು. ನಾನಾಗ ಕಾಲೇಜು ಹುಡುಗಿ.

"ಮಿರಜಿನ ಲ್ಯಾಬಿಗೆ ಒಯ್ದು ತಪಾಸಣಿ ಮಾಡಸ್ರಿ. ಅದನ್ನ ನೋಡೇ ಮುಂದಿನ ಇಲಾಜ."

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡಬೇಕೆಂದರೆ ಬಾಟಲಿ ತೊಳೆದು ಬೋರಲು ಹಾಕಿತ್ತು. ಅವ್ವನ ತಾಯಿ, ನಮ್ಮ ಆಯಿ, ಕೈಯ ಮಣ್ಣು ತೊಳೆಯುತ್ತಿದ್ದಳು.

"ಮೈಯಾಗಿಂದು ಮಣ್ಣಿಗೆ ಸೇರಬೇಕ ಬೇ. ಹಡದಾಗ ಕೂಸಿನ ಹಿಂದ ಬರೂ ಮಾಸ ಹುಗಿಯೂದಿಲ್ಲೇನ? ಹಂಗ ಅರಿಷಿಣ ಕುಂಕುಮ ಹಾಕಿ ಹುಗದ ಬಂದ್ನಿ. ಊರೂರ ತಿರಗಸ್ತಾರೇನ ಅದನ್ನ? ನಿಮ್ಮವ್ವಗ ಹೇಳಬ್ಯಾಡ."

ಆಯಿಯನ್ನು ಬೈದು ಏನು ಬಂತು, ಆಕೆಗೆ ತಿಳಿದದ್ದೇ ಅಷ್ಟು. ಕಲಿತವಳು ನಾನಿದ್ದೆ. ಡಾಕ್ಟರ ಹತ್ತಿರ ಓಡಿಹೋಗಿ ಹೇಳಬೇಕಿತ್ತು. ಬೈಸಿಕೊಳ್ಳಲು ಹೆದರಿ, ಬಾಟಲಿ ಮುಟ್ಟಿಸಿದೆ ಎಂದು ಅವ್ವನಿಗೆ ಹೇಳಿದೆ. ಎಂಟು ದಿನ ಬಿಟ್ಟು, ರಿಪೋರ್ಟ್ ತರುತ್ತೇನೆಂದು ಹೊರಟು, ಮಿರಜಿನ ದಾರಿಯ ಕಾಗವಾಡದಲ್ಲೇ ಇಳಿದು ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ತನಕ ಕೂತು ಬಂದೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರ?"

"ಏನೂ ಇಲ್ಲಂತ," ಅಂದೆ.

ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಡಾಕ್ಟರ ಕಡೆ ಮತ್ತೆ ಹೋಗುವ ಮಾತೇ ಉಳಿಯಲಿಲ್ಲ.

ಮುಂದಿನ ದ್ರಾಕ್ಷಿಯ ಹೊತ್ತಿಗೆ ಕಂಕುಳಲ್ಲಿ ಗಂಟು ಎದ್ದಿತು. ಈ ಸಲ ಡಾಕ್ಟರು ಮುಟ್ಟಿ ನೋಡಿ, ಕೈಮೀರಿದೆ ಎಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವಳು ಅವ್ವ.

ಹಾಸಿಗೆ ಹಿಡಿದ ಮೇಲೆ, ದನಿ ಇರುವ ತನಕ, ಆಕೆ ಮಿರಜಿನ ಲ್ಯಾಬಿನವರಿಗೆ ಶಾಪ ಹಾಕುತ್ತಿದ್ದಳು. "ನೆಟ್ಟಗ ನೋಡಲಿಲ್ಲ ಆ ಭಾಡ್ಯಾಗೋಳು. ಅವರ ಕೈ ಸೇದಿ ಹೋಗ್ಲಿ."

ನಾನು ಆಕೆಯ ಕಾಲು ಒತ್ತುತ್ತ, ಹೂಂ ಅನ್ನುತ್ತಿದ್ದೆ.