ನೇರಳೆ ಶಾಯಿಯ ಟೋಪಿ

ಮೊನ್ನೆ ಮೊಮ್ಮಗಳಿಗೆ ಬಾಯಿಹುಣ್ಣಾಗಿತ್ತು. ಮಾಲೂರಿನ ಔಷಧಿ ಅಂಗಡಿಯವರು ಹಳೇ ಕಾಲದ ಆ ನೇರಳೆ ಬಣ್ಣದ ಔಷಧಿಯ ಪುಟ್ಟ ಸೀಸೆ ಕೊಟ್ಟರು. ಮುಚ್ಚಳ ತೆಗೆದೆನೋ ಇಲ್ಲವೋ, ಆ ಕಟು ವಾಸನೆ ಮೂಗಿಗೆ ಬಂತು. ಆಮೇಲೆ ನಾನು ಮಾಲೂರಿನಲ್ಲಿರಲಿಲ್ಲ... ಶ್ರೀನಿವಾಸಪುರದ ತವರುಮನೆಯ ಜಗುಲಿಯ ಮೇಲಿದ್ದೆ.

ಜಗುಲಿಯಲ್ಲಿ ಮೂವರು: ಅಮ್ಮ, ನಾನು, ಪಕ್ಕದ ಮನೆಯ ಅತ್ತೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನಗೆ ಹದಿನೇಳೋ ಹದಿನೆಂಟೋ. ಮಧ್ಯಾಹ್ನವೆಲ್ಲ ರೇಷ್ಮೆಹುಳುವಿನ ಮರಿಗಳಿಗೆ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಾ ಕೂರುತ್ತಿದ್ದೆವು. ಒಳಗೆ ಬಿದಿರ ತಟ್ಟೆಗಳಲ್ಲಿ ಬಲಿತ ಹುಳುಗಳು ಮೇಯುವ ಸದ್ದು, ಹೊರಗೆ ನಮ್ಮ ಕತ್ತಿಯ ಸದ್ದು, ಎರಡರ ನಡುವೆ ಅತ್ತೆಯ ಪಾಠ.

ಅತ್ತೆ ನಮಗೆ ನೆಂಟರೇನಲ್ಲ. ದೂರದ ಯಾನಂನವರು. ಆಂಧ್ರದ ಕರಾವಳಿಯಲ್ಲಿ ಫ್ರೆಂಚರು ಆಳುತ್ತಿದ್ದ ಪುಟ್ಟ ಊರು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಫ್ರೆಂಚ್. ಮಾವಿನ ವ್ಯಾಪಾರದ ಗಂಡನ ಜೊತೆ ನಮ್ಮೂರಿಗೆ ಬಂದರು. ತೆಲುಗಿಗೆ ನಮ್ಮ ಕಡೆ ಬರವಿಲ್ಲ, ಕನ್ನಡ ಬೇಗ ಹತ್ತಿತು. ಫ್ರೆಂಚನ್ನು ಮಾತ್ರ ಯಾರ ಜೊತೆ ಆಡುವುದು? ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದರು. ಕೊನೆಗೆ ಅದು ನನ್ನ ಪಾಲಿಗೆ ಬಂತು. ಅದೂ ಎಷ್ಟು? ಒಂದೇ ಕ್ರಿಯಾಪದ, ‘ಬರುವುದು’. ಅದರದೂ ಒಂದೇ ರೂಪ.

“ಕ ಜ ವ್ಯಾಂಸ್, ಕ ತು ವ್ಯಾಂಸ್, ಕೆಲ್ ವ್ಯಾಂ...” ನಾನು ಬರಲಿ ಅಂತ, ನೀನು ಬರಲಿ ಅಂತ, ಅವಳು ಬರಲಿ ಅಂತ. ಹೀಗೆ ಆರು ಸಾಲು, ಮಗ್ಗಿಯ ಹಾಗೆ.

“ಅದೇನತ್ತಿಗೆ, ಬೆಕ್ಕಿಗೆ ನೆಗಡಿ ಆದಂಗೆ ವ್ಯಾಂಸ್ ವ್ಯಾಂಸ್ ಅಂತೀರ? ನಮ್ಮ ಹುಳ ಬೆದರ್ಕೊಂಡು ಗೂಡು ಕಟ್ಟೋದೇ ಬಿಟ್ಟಾವು!” ಎನ್ನುತ್ತಿದ್ದಳು ಅಮ್ಮ.

“ನೋಡ್ತಾ ಇರಿ, ಫ್ರೆಂಚ್ ಕೇಳಿದ ಹುಳದ ಗೂಡಿಗೆ ರೇಟೇ ಬೇರೆ,” ಎನ್ನುತ್ತಿದ್ದರು ಅತ್ತೆ.

ಇದನ್ನು ಯಾವಾಗ ಆಡುತ್ತಾರೆ ಎಂದು ನಾನು ಕೇಳಿದ್ದಕ್ಕೆ ಅತ್ತೆ ಕತ್ತಿ ಕೆಳಗಿಟ್ಟರು. “ಬಾಯಲ್ಲಿ ಯಾರೂ ಆಡಲ್ಲ ಅಮ್ಮಣ್ಣಿ. ಪುಸ್ತಕಕ್ಕೆ, ಕಾಗದಕ್ಕೆ ಅಷ್ಟೇ. ಬಂದ್ಲಾ, ಬರ್ಲಿಲ್ವಾ ಅನ್ನೋದು ಇದರಲ್ಲಿ ಇರಲ್ಲ. ಬರ್ಲಿ ಅಂತ ಇದ್ದೆ... ಅಷ್ಟು ಮಾತ್ರ.”

ಬರೆಯುವುದನ್ನೂ ಕಲಿಸಿದರು. ಯಾನಂ ಶಾಲೆಯಲ್ಲಿ ನೇರಳೆ ಶಾಯಿಯಲ್ಲೇ ಬರೆಯಬೇಕಿತ್ತಂತೆ. ನಮ್ಮೂರಲ್ಲಿ ಅದೆಲ್ಲಿ ಸಿಗಬೇಕು? ಬಾಯಿಹುಣ್ಣಿನ ಔಷಧಿಗೆ ನೀರು, ಚೂರು ಜಾಲಿಯ ಅಂಟು ಕಲಸಿ ತಾವೇ ಶಾಯಿ ಮಾಡಿಕೊಳ್ಳುತ್ತಿದ್ದರು. ಆರು ಸಾಲಿನಲ್ಲಿ ‘ಅವಳು’ ಅನ್ನುವ ಸಾಲಿಗೆ ಮಾತ್ರ ಅಕ್ಷರದ ನೆತ್ತಿಯ ಮೇಲೆ ಒಂದು ಚಿಹ್ನೆ ಬರುತ್ತದೆ, ಗುಡಿಸಲಿನ ಸೂರಿನ ಹಾಗೆ. ಅತ್ತೆ ಅದನ್ನು ಟೋಪಿ ಎನ್ನುತ್ತಿದ್ದರು.

“ಎದುರಿಗೆ ಇರೋರಿಗೆ ಟೋಪಿ ಇಲ್ಲ. ಇಲ್ಲಿ ಇಲ್ದೇ ಇರೋರಿಗೆ ಮಾತ್ರ. ಚಿಕ್ಕೋಳಿದ್ದಾಗ ನಾನು ಎಲ್ರಿಗೂ ಟೋಪಿ ಹಾಕ್ಬಿಡ್ತಿದ್ದೆ.”

“ಟೋಪಿ ಹಾಕೋದು ಅಲ್ಲೇ ಕಲಿತ್ರಾ ಅತ್ತಿಗೆ?” ಎಂದು ಅಮ್ಮ ನಕ್ಕಳು. ಅತ್ತೆಯೂ ನಕ್ಕರು. “ನಮ್ಮಕ್ಕ ಒಂದೊಂದಾಗಿ ಹೊಡೆದುಹಾಕೋಳು. ತಪ್ಪು ಕಂಡ್ರೆ ಅವಳಿಗೆ ಊಟ ಇಳೀತಿರಲಿಲ್ಲ,” ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಆ ಅಕ್ಕನ ಕಥೆ ಅಮ್ಮನಿಗೆ ಗೊತ್ತಿತ್ತು. ಫ್ರೆಂಚರು ಯಾನಂ ಬಿಟ್ಟ ಮೇಲೆ ಅಕ್ಕ ಗಂಡನ ಜೊತೆ ಫ್ರಾನ್ಸಿಗೆ ಹೊರಟರಂತೆ. ಹೋಗಬೇಡವೆಂದು ಅತ್ತೆ ಜಗಳವಾಡಿದರು. ಆ ಸಿಟ್ಟಿನಲ್ಲಿ ಅಕ್ಕ ಹೊಸಿಲು ದಾಟುವಾಗ ‘ವೆಳ್ತಾನು’, ಹೋಗ್ತೀನಿ, ಅಂದುಬಿಟ್ಟರು. ತೆಲುಗಾಗಲಿ ಕನ್ನಡವಾಗಲಿ, ಹೊರಡುವವರು ಬರ್ತೀನಿ ಅನ್ನಬೇಕು. ಮಸಣಕ್ಕೆ ಹೋಗುವವರು ಮಾತ್ರ ಹೋಗುತ್ತಾರೆ. ಆ ಒಂದು ಮಾತಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಬ್ಬರ ನಡುವೆ ಒಂದು ಕಾಗದವೂ ಇಲ್ಲ.

ಯಾನಂ ಕಡೆಯ ನೆಂಟರೊಬ್ಬರಿಂದ ವಿಳಾಸ ಸಿಕ್ಕಿತು. ಅತ್ತೆ ಮೂರು ದಿನ ಬರೆದರು, ಹರಿದರು. ನಾಲ್ಕನೆಯ ದಿನ ಒಂದೇ ಸಾಲಿನ ಹಾಳೆ ತಂದು ತೋರಿಸಿದರು. ‘ಜ ವುಲೇ ಕ ತು ವ್ಯಾಂಸ್’, ನೀನು ಬರಲಿ ಅಂತ ಇದ್ದೆ. ನಾನು ಬೆಚ್ಚಿದೆ.

“ಅತ್ತೆ, ನೀನು ಅನ್ನೋದಕ್ಕೆ ಟೋಪಿ ಇಟ್ಟಿದೀರ! ತಪ್ಪು!”

“ಗೊತ್ತು ಕಣೇ.” ಕಣ್ಣಲ್ಲಿ ಹತ್ತು ವರ್ಷದ ಹುಡುಗಿಯ ತುಂಟತನ. “ನನ್ ಮೇಲೆ ಕೋಪ ಇಟ್ಕೊಂಡು ಸುಮ್ನೆ ಇರಬಲ್ಲಳು. ತಪ್ಪು ನೋಡ್ಕೊಂಡು ಸುಮ್ನೆ ಇರಲಾರಳು. ಅಕ್ಕನಿಗೇ ಟೋಪಿ ಹಾಕಿದೀನಿ, ನೋಡೋಣ.”

ಮಾವು ಹೂ ಬಿಟ್ಟಿತ್ತು, ಕಾಯಾಯಿತು... ದಿನಾ ಪೋಸ್ಟ್‌ಮನ್ ಸೈಕಲ್ ಬರುವ ಹೊತ್ತಿಗೆ ಅತ್ತೆಯ ಕತ್ತಿ ನಿಂತುಹೋಗುತ್ತಿತ್ತು. ಕಾಯಿ ಇಳಿಸುವ ಕಾಲಕ್ಕೆ ಲಕೋಟೆ ಬಂತು. ಒಳಗಿದ್ದದ್ದು ಅತ್ತೆಯದೇ ಹಾಳೆ. ಟೋಪಿಯ ಮೇಲೆ ಕೆಂಪು ಗೆರೆ, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಕೆಳಗೆ ತೆಲುಗಿನಲ್ಲಿ ಒಂದೇ ಮಾತು: ‘ವಸ್ತಾನು.’ ಬರ್ತೀನಿ.

ಅತ್ತೆ ಆ ಹಾಳೆಯನ್ನು ಎದೆಗೊತ್ತಿಕೊಂಡು ಸೊಪ್ಪಿನ ರಾಶಿಯ ಮೇಲೇ ಕೂತುಬಿಟ್ಟರು. ಅಮ್ಮ ಗದರಲಿಲ್ಲ.

ಅಕ್ಕ ಬರಲಿಲ್ಲ. ವಯಸ್ಸು, ದೂರ, ಮೊಣಕಾಲು ನೋವು... ಆದರೆ ಕಾಗದಗಳು ಬಂದವು. ಅತ್ತೆ ಪ್ರತಿ ಕಾಗದದ ಕೊನೆಗೂ ಅದೇ ಸಾಲು, ಅದೇ ಟೋಪಿ ಇಡುತ್ತಿದ್ದರು. ಅಲ್ಲಿಂದ ಅದೇ ಕೆಂಪು ಗೆರೆ ಬರುತ್ತಿತ್ತು. ನಾನು ಮದುವೆಯಾಗಿ ಮಾಲೂರಿಗೆ ಹೊರಟಾಗ ಅತ್ತೆ ಮಡಿಲಿಗೆ ಹಣ್ಣಿನ ಜೊತೆ ಒಂದು ಸೀಸೆ ಶಾಯಿಯನ್ನೂ ಇಟ್ಟರು. “ಏನಂತೀಯ ಹೋಗೋವಾಗ?” ಎಂದು ಕೇಳಿ, ‘ಬರ್ತೀನಿ ಅತ್ತೆ’ ಅನ್ನಿಸಿಕೊಂಡೇ ಬಾಗಿಲು ಬಿಟ್ಟರು.

ಮಾಲೂರಿನಲ್ಲೇ ಆದ ನನ್ನ ಎರಡನೇ ಬಾಣಂತನದಲ್ಲಿ ಅವರು ತೀರಿಕೊಂಡರು. ನನಗೆ ಹೋಗಲಾಗಲಿಲ್ಲ... ಬರ್ತೀನಿ ಅಂದಿದ್ದವಳಿಗೆ.

ಮೂರು ತಿಂಗಳ ನಂತರ ತವರಿಗೆ ಹೋದಾಗ, ಅತ್ತೆಯ ಬಾಗಿಲಿಗೆ ಬೀಗ ಕಂಡ ಪೋಸ್ಟ್‌ಮನ್ ನಮ್ಮ ಮನೆಗೆ ಕೊಟ್ಟಿದ್ದ ಕಾಗದವನ್ನು ಅಮ್ಮ ನನ್ನ ಕೈಗಿತ್ತಳು. ಉದ್ದದ ಫ್ರೆಂಚ್ ಕಾಗದ. ನನಗೆ ಓದಲು ಬಂದದ್ದು ಕೊನೆಯ ಸಾಲು ಮಾತ್ರ: ‘ನೀನು ಬರಲಿ ಅಂತ ಇದ್ದೆ.’ ಎಂದೂ ತಪ್ಪದ ಆ ಅಕ್ಕ, ಆ ಅಕ್ಷರದ ಮೇಲೆ ತಾವೇ ಒಂದು ಟೋಪಿ ಇಟ್ಟಿದ್ದರು. ತಂಗಿಯ ಆಟವನ್ನು ತಂಗಿಗೇ ತಿರುಗಿಸಿ ಆಡಿದ್ದರು. ಇನ್ನು ಅದನ್ನು ಹೊಡೆದುಹಾಕಬೇಕಾದವರು ಇರಲಿಲ್ಲ.

ತಂಗಿ ಹೋದದ್ದನ್ನು ಅವರಿಗೆ ತಿಳಿಸಬೇಕಿತ್ತು. ನನಗೆ ತೆಲುಗು ಬರೆಯಲು ಬಾರದು, ಫ್ರೆಂಚಿನಲ್ಲಿ ಆರೇ ಸಾಲು ಬರುತ್ತಿತ್ತು. ಮೊಮ್ಮಗಳ ತುಟಿ ಒರೆಸುವಾಗ ಮೊನ್ನೆ ನನ್ನ ಬೆರಳಿಗೆ ಅಂಟಿತಲ್ಲ, ಆ ದಿನವೂ ಹಾಗೆಯೇ ಬೆರಳೆಲ್ಲ ನೇರಳೆಯಾಗಿತ್ತು. ಕಾಗದವನ್ನು ಮಾಲೂರಿಗೆ ತಂದು, ಅತ್ತೆ ಕೊಟ್ಟ ಶಾಯಿಯಲ್ಲಿ ಅವರ ಅಕ್ಕನ ಸಾಲಿನ ‘ನೀನು’ವನ್ನು ಹೊಡೆದೆ. ಕೆಳಗೆ ಮೂರನೆಯ ಸಾಲು ಬರೆದೆ. ಕೆಲ್ ವ್ಯಾಂ. ಅವಳು ಬರಲಿ ಅಂತ. ಟೋಪಿಯನ್ನು ಅದರ ಜಾಗದಲ್ಲೇ ಇಟ್ಟೆ.

ಅಂಚೆಗೆ ಹಾಕಿ ಬಂದೆ. ಫ್ರಾನ್ಸಿನಿಂದ ಮತ್ತೆ ಕಾಗದ ಬರಲಿಲ್ಲ.