ಹಲಸೂರಿನವರೆಗೆ

ಲ್ಯಾಪ್‌ಟಾಪ್ ರಿಪೇರಿಯ ಭಾಯ್ ಎಡಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದರು. ಅದನ್ನು ಲ್ಯಾಪ್‌ಟಾಪಿನ ಅಂಚಿನ ಸಂದಿಗೆ ತೂರಿಸಿ ಮೆಲ್ಲಗೆ ಓಡಿಸಿದರೆ ತಳದ ಮುಚ್ಚಳ ಟಕ್ ಟಕ್ ಎಂದು ಬಿಟ್ಟುಕೊಳ್ಳುತ್ತಿತ್ತು. ಮೂವತ್ತಾರು ವರ್ಷ ನರ್ಸಾಗಿದ್ದವಳು ನಾನು. ಬೆಳೆದ ಉಗುರು ಕಂಡರೆ ಸುಮ್ಮನಿರಲಾರೆ.

"ಅದನ್ನ ಕತ್ತರಿಸಬಾರದೇನು ಭಾಯ್?" ಎಂದು ಮೊದಲ ದಿನವೇ ಕೇಳಿದ್ದೆ.

"ಇದು ನನ್ ಟೂಲು ಸಿಸ್ಟರಮ್ಮ. ನಿಮ್ಮ ಸೂಜಿ ಬಿಸಾಕಿ ಅಂತ ನಾನ್ ಹೇಳಿದ್ನಾ?"

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಒಂದು ಮಂಚದಷ್ಟಗಲದ ರಿಪೇರಿ ಅಂಗಡಿ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದರ ಜಾಗದಲ್ಲಿ ಇಡುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಚಿಮುಟ ಎಣಿಸಿ ಇಟ್ಟ ನನಗೆ ಆ ಶಿಸ್ತು ಹಿಡಿಸಿತು. "ಒಂದ್ಸಲಕ್ಕೆ ಒಂದೇ" ಎನ್ನುವುದು ಅವರ ಮಾತು. ಕೆಟ್ಟದ್ದನ್ನು ಹುಡುಕುವಾಗ ಒಮ್ಮೆಗೆ ಒಂದನ್ನೇ ಬದಲಿಸಿ ನೋಡುತ್ತಿದ್ದರು.

ನನ್ನ ಲ್ಯಾಪ್‌ಟಾಪ್ ತೀರಾ ನಿಧಾನವಾದಾಗ ಅವರು ಹೊಸ ಡಿಸ್ಕ್ ಹಾಕಿದರು. ಹಳೆಯದನ್ನು ಸಿ.ಡಿ. ಹಾಕುವ ಜಾಗಕ್ಕೆ ಒಂದು ಟ್ರೇಯಲ್ಲಿ ಕೂರಿಸಿ, ಎರಡೂ ಇರುವಂತೆ ಮಾಡಿಕೊಟ್ಟರು. ಮನೆಗೆ ಬಂದು ನೋಡಿದರೆ ಹಳೆಯ ಡಿಸ್ಕ್ ಕಾಣಿಸಲೇ ಇಲ್ಲ. ಮರುದಿನ ಕಾಣಿಸಿತು, ಆದರೆ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆಯೊಂದಿಗೆ. ವಾರ್ಡಿನ ಅಭ್ಯಾಸದಂತೆ ಅದನ್ನು ಅಕ್ಷರಶಃ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಸಮಯ ಬರೆದು, ಹಲಸೂರಿನಿಂದ ಬಸ್ ಹತ್ತಿದೆ.

ನೋಟ್‌ಬುಕ್ ಓದಿದ ಅವರ ಮುಖದ ಬಣ್ಣ ಇಳಿಯಿತು. "'ಯೆಸ್' ಒತ್ತಿಲ್ಲ ತಾನೆ?"

"ಇಲ್ಲ."

"ಅಲ್ಲಾ ದೊಡ್ಡೋನು. ಒತ್ತಿದ್ರೆ ಎಲ್ಲಾ ಅಳಿಸಿ ಹೋಗ್ತಿತ್ತು. ಏನಿದೆ ಇದರಲ್ಲಿ?"

ಹೇಳಿದೆ. ನನ್ನ ಗಂಡ ಬಸ್ ಕಂಡಕ್ಟರಾಗಿದ್ದವರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಯಬೇಕಾಯಿತು. ಆಪರೇಷನ್ನಿನ ಹಿಂದಿನ ವಾರ, ಮುಂದೆ ನನಗೆ ಕೇಳಲಿಕ್ಕಿರಲಿ ಎಂದು ದಿನಕ್ಕೊಂದಿಷ್ಟು ಮಾತಾಡಿ ರೆಕಾರ್ಡ್ ಮಾಡಿದ್ದರು. ಈಗ ಅವರಿಲ್ಲ. ಧ್ವನಿ ಇರುವುದು ಆ ಡಿಸ್ಕಿನಲ್ಲಿ ಮಾತ್ರ.

ಭಾಯ್ ಟ್ರೇ ಬದಲಿಸಿ ನೋಡಿದರು. ಆಗಲಿಲ್ಲ. ಆಮೇಲೆ ಡಿಸ್ಕನ್ನೇ ಹೊರತೆಗೆದು, ಬೇರೆ ಕೇಬಲ್ ಹಾಕಿ, ಕಿವಿಗೆ ಹಿಡಿದರು. ಬಹಳ ಹೊತ್ತು ಕಣ್ಣು ಮುಚ್ಚಿ ಅದು ತಿರುಗುವ ಸದ್ದು ಕೇಳಿದರು.

"ಟ್ರೇ ಸರಿಯಾಗೇ ಇದೆ. ಡಿಸ್ಕೇ ಸೋತಿದೆ. ಬಿಚ್ಚೋಕೆ ಮುಂಚೆ ನಾನು ಕಾಪಿ ತಗೋಬೇಕಿತ್ತು. ತಗೊಂಡಿಲ್ಲ. ತಪ್ಪು ನಂದು."

ಹಾಗೆ ನೇರವಾಗಿ ತಪ್ಪು ಒಪ್ಪಿಕೊಂಡ ಡಾಕ್ಟರುಗಳನ್ನು ನಾನು ಹೆಚ್ಚು ಕಂಡಿಲ್ಲ.

ಹತ್ತೊಂಬತ್ತು ದಿನ ಅದರ ಮೇಲೆ ಕೆಲಸ ಮಾಡಿದರು. ಸ್ವಲ್ಪ ಓಡಿಸುವುದು, ತಣ್ಣಗಾಗಲು ಬಿಡುವುದು, ಮತ್ತೆ ಸ್ವಲ್ಪ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಫೋನ್ ಮಾಡಿ ಎಂದಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.

"ಇವತ್ತು ಎರಡು ಫೈಲ್ ಬಂತು ಸಿಸ್ಟರಮ್ಮ."

"ಸದ್ದು ಹೇಗಿದೆ?"

"ಸ್ವಲ್ಪ..." ಕೆಮ್ಮು. "ಸ್ವಲ್ಪ ಜಾಸ್ತಿ."

"ಬಿಸಿ ಆಗ್ತಿದೆಯಾ?"

"ಆಗ್ತಿದೆ. ರೆಸ್ಟ್ ಕೊಟ್ಟಿದೀನಿ." ಮತ್ತೆ ಕೆಮ್ಮು.

"ಜೋಪಾನ, ಭಾಯ್" ಎಂದು ಫೋನ್ ಇಟ್ಟು, ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ.

ಕೊನೆಯ ದಿನ ಅವರ ದನಿಯಲ್ಲಿ ಸಡಗರವಿತ್ತು. "ನಿಮ್ಮ ಮನೆಯವರದ್ದೇ ಹೌದಾ ನೋಡೋಕೆ ಒಂದ್ ಫೈಲು ಹಾಕಿ ಕೇಳ್ಬಿಟ್ಟೆ, ಮಾಫ್ ಮಾಡಿ. ಈ ಆವಾಜು ನಂಗೊತ್ತು! ಕೆ.ಆರ್. ಪುರಂ ಬಸ್ಸು. 'ಒಳಗ್ ನಡೀರಿ, ಒಳಗೆ ಮೈದಾನ ಖಾಲಿ ಬಿದ್ದಿದೆ' ಅನ್ನೋರು. ಒಂದ್ಸಲ ನನ್ನೂ ಬೈದಿದ್ರು!"

ಏಳು ಫೈಲು ಸಿಕ್ಕಿದವು. ಏಳನೆಯದರಲ್ಲಿ ನನ್ನವರು ತಮ್ಮ ರೂಟಿನ ಸ್ಟಾಪುಗಳನ್ನು ಕೂಗಿದ್ದರು. ಟಿನ್ ಫ್ಯಾಕ್ಟರಿ, ಬೈಯಪ್ಪನಹಳ್ಳಿ, ಇಂದಿರಾನಗರ. "ಹಲಸೂರು, ನನ್ ಹೆಂಡ್ತಿ ಇಳಿಯೋ ಸ್ಟಾಪು" ಎನ್ನುವಲ್ಲಿಗೆ ಅದು ಕತ್ತರಿಸಿಹೋಗುತ್ತದೆ. ಭಾಯ್ ಎರಡು ಕಾಪಿ ಮಾಡಿ ನನ್ನ ಕೈಗಿಟ್ಟು, "ಎರಡನ್ನೂ ಒಂದೇ ಮನೇಲಿ ಇಡ್ಬೇಡಿ" ಎಂದರು. ಉಳಿದದ್ದನ್ನೂ ತೆಗೆಯುತ್ತೇನೆಂದು ಹಳೆಯ ಡಿಸ್ಕನ್ನು ತಾವೇ ಇಟ್ಟುಕೊಂಡರು.

ಎರಡು ತಿಂಗಳ ಮೇಲೆ ಆ ಕಡೆ ಹೋದಾಗ ಅಂಗಡಿಯಲ್ಲಿ ಅವರ ತಮ್ಮ ಕೂತಿದ್ದರು. ಅಣ್ಣನ ಶ್ವಾಸಕೋಶ ಪೂರ್ತಿ ಹಾಳಾಗಿತ್ತಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತಂತೆ. ಒಂದು ಬಟ್ಟೆಯ ಚೀಲ ತೆಗೆದುಕೊಟ್ಟರು. ಒಳಗೆ ನನ್ನ ಡಿಸ್ಕ್. ಉರ್ದು ಶಾಲೆಯಲ್ಲಿ ಓದಿದ ಭಾಯ್ ನನಗಾಗಿ ಡೊಂಕು ಕನ್ನಡ ಅಕ್ಷರಗಳಲ್ಲಿ ಚೀಟಿ ಅಂಟಿಸಿದ್ದರು: 'ಸಿಸ್ಟರಮ್ಮಂದು. ಹಲಸೂರು ಮುಂದೆ ಬಾಕಿ. ಯಾರೂ ಮುಟ್ಟಬೇಡಿ.'

ಮನೆಗೆ ಬಂದು ನೋಟ್‌ಬುಕ್ ತೆರೆದೆ. ಹತ್ತೊಂಬತ್ತು ದಿನಗಳೂ ಇದ್ದವು, ಒಂದೂ ಬಿಟ್ಟಿರಲಿಲ್ಲ. ಸಮಯ ಹನ್ನೊಂದು. ಸದ್ದು ಹೆಚ್ಚು. ಬಿಸಿ ಇದೆ. ವಿಶ್ರಾಂತಿ ಕೊಡಲಾಗಿದೆ. ಎಲ್ಲವೂ ಡಿಸ್ಕಿನದು. ರೋಗಿಯ ಕೆಮ್ಮು ಕೇಳಿಯೇ ಅರ್ಧ ಕಾಯಿಲೆ ಹೇಳುತ್ತಾಳೆ ಎಂದು ವಾರ್ಡಿನಲ್ಲಿ ಹೆಸರು ಪಡೆದಿದ್ದವಳ ಕೈಬರಹದಲ್ಲಿ, ಆ ಕೆಮ್ಮಿನ ಬಗ್ಗೆ ಒಂದು ಸಾಲೂ ಇರಲಿಲ್ಲ.